ಮುಚ್ಚದೆ ಬಿಟ್ಟ ಬಿರುಕು

“ಕಲಿಸುವವನು ತನಗೆ ಗೊತ್ತಿರುವುದನ್ನೆಲ್ಲ ಹೇಳಿಬಿಡಬೇಕೋ, ಸ್ವಲ್ಪ ತನ್ನ ಹತ್ತಿರವೇ ಇಟ್ಟುಕೊಳ್ಳಬೇಕೋ?” ಎಂದು ಇಂದುಮತಿ ಕೇಳಿದಳು.

ಕೇಳಿದ್ದು ಮಾನಪ್ಪಜ್ಜನನ್ನು. ಮಾನಪ್ಪಜ್ಜ ಶಾಲೆಗೆ ಹೋದವನಲ್ಲ, ಶಾಲೆಗಳ ಗೋಡೆ ಕಟ್ಟಿದವನು. ಸುಣ್ಣದ ಗಾರೆಯ ಕೆಲಸದಲ್ಲಿ ಅವನ ಸಮಕ್ಕೆ ನಿಲ್ಲುವವರು ಆ ಸೀಮೆಯಲ್ಲಿ ಯಾರೂ ಉಳಿದಿರಲಿಲ್ಲ. ಆ ಮಾತನ್ನು ಅವನೇ ದಿನವೂ ಹೇಳುತ್ತಿದ್ದ. ಇಂದುಮತಿ ವಾಸ್ತುಶಿಲ್ಪ ಓದಿ ಬಂದವಳು. ಊರ ಹೊರಗಿನ ಹಳೆಯ ಬಾವಿಯ ದುರಸ್ತಿಯಲ್ಲಿ ಅವನ ಕೈಕೆಳಗೆ ಗಾರೆ ಕಲಿಯುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಕಾಲೇಜೊಂದರಲ್ಲಿ ಪಾಠ ಹೇಳಲು ಹೋಗುವವಳಿದ್ದಳು. ಅದಕ್ಕೇ ಈ ಪ್ರಶ್ನೆ.

ಅಜ್ಜ ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅವನು ಮೊದಲು ತನ್ನ ಗುರುವನ್ನು ನೆನೆದ. ಗುರು ತನಗೆ ಯಾವುದನ್ನೂ ಬಚ್ಚಿಡಲಿಲ್ಲ, ಹಾಗಾಗಿಯೇ ಮೀಸೆ ಚಿಗುರುವ ವಯಸ್ಸಿನಲ್ಲೇ ತಾನು ಸಂಸ್ಥಾನದ ಗಜಶಾಲೆಯ ಮುಂದೆ ಗಾರೆ ಹಾಕಿ ಒಂದು ಕಲ್ಲುಕಂಬ ನಿಲ್ಲಿಸಿದೆ ಎಂದ. ಗಾರೆ ಇನ್ನೂ ಹಸಿಯಿರುವಾಗಲೇ ಮದವೇರಿದ ಆನೆಯೊಂದನ್ನು ಅದಕ್ಕೆ ಕಟ್ಟಿದರಂತೆ. ಆನೆ ಹಗಲೆಲ್ಲ ಎಳೆದು ಎಳೆದು ಸೋತು, ಕೊನೆಗೆ ಕಂಬವನ್ನು ಬಿಟ್ಟು ಇವನ ಕಡೆ ತಿರುಗಿ ಸೊಂಡಿಲೆತ್ತಿ ನಮಸ್ಕಾರ ಮಾಡಿತಂತೆ.

ಪಕ್ಕದಲ್ಲಿ ಸುಣ್ಣ ಜರಡಿ ಹಿಡಿಯುತ್ತಿದ್ದ ದಸ್ತಗೀರ ನಗು ತಡೆದುಕೊಂಡು, ಆ ಮಾವುತ ಸಿಕ್ಕರೆ ಒಂದು ಮಾತು ಕೇಳಬಹುದಿತ್ತು ಎಂದ.

“ಹೋಗಿ ಕೇಳು. ಊರ ಸ್ಮಶಾನದಲ್ಲೇ ಇದ್ದಾನೆ,” ಎಂದ ಅಜ್ಜ.

ಮಾವುತನಿರಲಿಲ್ಲ, ಆನೆಯಿರಲಿಲ್ಲ, ಸಂಸ್ಥಾನವೂ ಇರಲಿಲ್ಲ. ಕಂಬವನ್ನು ರಸ್ತೆ ಅಗಲ ಮಾಡುವಾಗ ಕಿತ್ತುಹಾಕಿದ್ದರು. ಕಿತ್ತ ಯಂತ್ರ ಅಲ್ಲೇ ಕೆಟ್ಟು ನಿಂತಿತು ಎಂದೂ ಅಜ್ಜ ಸೇರಿಸಿದ. ಆಮೇಲೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು, ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ಕೂತ. ದನಿ ತಗ್ಗಿತು. ಅವನು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವಾಸ್ತುಶಿಲ್ಪಿಯಿದ್ದ. ಅವನ ಜೊತೆ ಓದಿದವರೆಲ್ಲ ಹೊಸ ಕಟ್ಟಡಗಳನ್ನು ಕಟ್ಟಿ ದೊಡ್ಡವರಾದರು. ಇವನು ಹಳೆಯದನ್ನು ಉಳಿಸಲು ಹೊರಟ. ವಾಲಿದ ಗೋಡೆ, ಸೋರುವ ಮಾಳಿಗೆ, ಬಾವಲಿ ಸೇರಿದ ಮಂಟಪ, ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿ ಹೋಗುವ ಜಾಗದಲ್ಲಿ ಇವನು ಚಾಪೆ ಹಾಸಿ ಕೂರುತ್ತಿದ್ದ. ಹೆಣ್ಣು ನೋಡಲು ಹೋದ ಮನೆಯಲ್ಲಿ, ನೀವು ಕಟ್ಟಿದ್ದು ಯಾವುದು ತೋರಿಸಿ ಎಂದು ಕೇಳಿದರಂತೆ. ನಾನು ಕಟ್ಟಿದ್ದು ಯಾವುದೂ ಇಲ್ಲ, ಬೀಳದ ಹಾಗೆ ನೋಡಿಕೊಂಡದ್ದು ಕೆಲವಿದೆ ಎಂದನಂತೆ. ಮಾವನಿಗೆ ಅರ್ಥವಾಗಲಿಲ್ಲ. ಹುಡುಗಿಗೆ ಅರ್ಥವಾಯಿತು. ಮದುವೆಯಾಯಿತು.

ಆ ಊರ ನಡುವೆ ಪಾಳೆಯಗಾರರ ಕಾಲದ ಒಂದು ಕಣಜವಿತ್ತು. ಉದ್ದನೆಯ ಕಟ್ಟಡ, ದಪ್ಪ ಕಲ್ಲುಗೋಡೆ, ಮೇಲೆ ಒಂದೇ ಕಮಾನಿನ ಛಾವಣಿ. ಕಾಳು ತುಂಬುವ ಕಾಲ ಹೋಗಿ ಬಹಳ ದಿನವಾಗಿತ್ತು. ಅದನ್ನು ಕೆಡವಿ ಬಸ್ಸು ನಿಲ್ಲುವ ಜಾಗ ಮಾಡಬೇಕೆಂದು ಊರವರು ನಿಶ್ಚಯಿಸಿದರು. ವಾಸ್ತುಶಿಲ್ಪಿ ಮನೆ ಮನೆಯ ಜಗಲಿ ಹತ್ತಿ ಇಳಿದ. ಬೈಸಿಕೊಂಡ, ಹುಚ್ಚ ಅನ್ನಿಸಿಕೊಂಡ, ಕೊನೆಗೆ ಒಪ್ಪಿಸಿದ. ಎಷ್ಟೋ ವರ್ಷ ಒಂದೊಂದೇ ಕಲ್ಲನ್ನು ನೋಡಿ ನೋಡಿ ಕಣಜವನ್ನು ನಿಲ್ಲಿಸಿದ. ಆಮೇಲೆ ಅದರೊಳಗೇ ಒಂದು ಶಾಲೆ ತೆರೆದ. ಹಳೆಯ ಕಟ್ಟಡ ಉಳಿಸುವ ವಿದ್ಯೆಯನ್ನು ಹಳೆಯ ಕಟ್ಟಡದ ನೆರಳಲ್ಲೇ ಕಲಿಸತೊಡಗಿದ. ದೂರದೂರದಿಂದ ಶಿಷ್ಯರು ಬಂದರು.

ಎಲ್ಲವನ್ನೂ ದುರಸ್ತಿ ಮಾಡಿದವನು ಪಡುವಣ ಗೋಡೆಯ ಒಂದು ಬಿರುಕನ್ನು ಮಾತ್ರ ಹಾಗೇ ಬಿಟ್ಟಿದ್ದ. ನೆಲದಿಂದ ಕಮಾನಿನ ಬುಡದವರೆಗೆ ಹೋದ ಬಿರುಕು. ಬೆರಳು ತೂರಿಸಬಹುದಿತ್ತು.

ಬಿಟ್ಟದ್ದಕ್ಕೆ ಕಾರಣವಿತ್ತು. ಕಣಜದ ಒಂದು ತಲೆ ಬಂಡೆಯ ಮೇಲಿತ್ತು, ಇನ್ನೊಂದು ತಲೆ ಕಪ್ಪು ಎರೆಮಣ್ಣಿನ ಮೇಲಿತ್ತು. ಎರೆ ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಅದು ಕುಗ್ಗಿದಾಗ ಬಿರುಕು ಬಾಯಿ ತೆರೆಯುತ್ತಿತ್ತು, ಉಬ್ಬಿದಾಗ ಬಾಯಿ ಮುಚ್ಚುತ್ತಿತ್ತು. ಗೋಡೆ ವರ್ಷಕ್ಕೊಮ್ಮೆ ಹೀಗೆ ಸರಿದು ಹಾಗೆ ಬಂದು ತನ್ನ ಪಾಡಿಗೆ ಬದುಕಿತ್ತು. ಬಾಯಿ ತೆರೆದಿರುವಾಗ ಅದನ್ನು ಗಟ್ಟಿಯಾಗಿ ತುಂಬಿಬಿಟ್ಟರೆ ಮಳೆಗಾಲದಲ್ಲಿ ಗೋಡೆಗೆ ಸರಿಯಲು ಜಾಗವಿರುವುದಿಲ್ಲ. ಆಗ ಅದು ಕಮಾನನ್ನು ದೂಡುತ್ತದೆ. ಇದು ವಾಸ್ತುಶಿಲ್ಪಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು.

ಬಿರುಕಿನ ಗೋಡೆಯನ್ನು ಮುಟ್ಟುವ ಮೊದಲು ಗಾಜು ಕೂರಿಸಬೇಕು ಎಂದು ಅವನು ಕಲಿಸುತ್ತಿದ್ದ. ತೆಳ್ಳಗಿನ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡು ತುದಿಗೂ ಗಾರೆ ಮೆತ್ತುವುದು. ಗೋಡೆ ಕದಲುತ್ತಿದ್ದರೆ ಗಾಜು ಸೀಳುತ್ತದೆ. ಸೀಳದಿದ್ದರೆ ಗೋಡೆ ನೆಲೆ ನಿಂತಿದೆ, ಬಿರುಕು ತುಂಬಬಹುದು. ಶಿಷ್ಯರು ಇಷ್ಟನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಎಷ್ಟು ಕಾಲ ಕಾಯಬೇಕು ಎಂದು ಕೇಳಿದರೆ ಮಾತ್ರ ಗುರು, ಅದನ್ನು ಗೋಡೆಯೇ ಹೇಳುತ್ತದೆ ಎನ್ನುತ್ತಿದ್ದ. ಎರೆನೆಲದಲ್ಲಿ ಗಾಜಿನ ಮೇಲೆ ಒಂದು ಬೇಸಿಗೆ ಹೋಗಬೇಕು, ಒಂದು ಮಳೆಗಾಲವೂ ಹೋಗಬೇಕು. ಅದನ್ನು ಕಲಿಯಲು ಅವನಿಗೆ ಅರ್ಧ ಆಯುಷ್ಯ ಹಿಡಿದಿತ್ತು. ಬಂದ ಬಂದವರಿಗೆ ಬಾಯಲ್ಲಿ ಹೇಳಿ ಕೊಟ್ಟುಬಿಡಲು ಮನಸ್ಸು ಬರಲಿಲ್ಲ.

ಪ್ರತಿ ವರ್ಷ ಹೊಸ ಶಿಷ್ಯರನ್ನು ಅವನು ಆ ಬಿರುಕಿನ ಮುಂದೆ ನಿಲ್ಲಿಸುತ್ತಿದ್ದ. ಇದನ್ನು ಯಾಕೆ ಬಿಟ್ಟಿದ್ದೇನೆ ಹೇಳಿ ಎನ್ನುತ್ತಿದ್ದ. ಒಬ್ಬ, ಕಟ್ಟಡದ ವಯಸ್ಸು ಕಾಣಲಿ ಎಂದು ಅನ್ನುತ್ತಿದ್ದ. ಇನ್ನೊಬ್ಬ, ಮೊದಲು ಹೇಗಿತ್ತು ಎಂಬುದಕ್ಕೆ ಸಾಕ್ಷಿ ಎನ್ನುತ್ತಿದ್ದ. ಊರ ಹೆಂಗಸರು, ಕೂಸಿನ ಕೆನ್ನೆಗೆ ಇಟ್ಟಂತೆ ಇದು ಕಣಜಕ್ಕೆ ಇಟ್ಟ ದೃಷ್ಟಿಬೊಟ್ಟು ಎಂದು ನಗುತ್ತಿದ್ದರು. ಗುರು ಎಲ್ಲಕ್ಕೂ ಒಂದು ನಗೆ ನಗುತ್ತಿದ್ದ. ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ. ತಾನೇ ನೋಡಿ ಕಂಡುಕೊಂಡದ್ದು ಮಾತ್ರ ಕೈಯಲ್ಲಿ ಉಳಿಯುತ್ತದೆ ಎಂದು ಹೆಂಡತಿಯ ಹತ್ತಿರ ವಾದಿಸುತ್ತಿದ್ದ. ಅದೂ ಸುಳ್ಳಲ್ಲ. ಆದರೆ ಮಳೆಗಾಲ ಬಂತೆಂದರೆ ಬಿರುಕಿಗೆ ನೀರು ಇಳಿಯದಂತೆ ಅವನೇ ತಗಡು ಹೊಚ್ಚುತ್ತಿದ್ದ, ಮಳೆ ಮುಗಿದ ಮೇಲೆ ಅವನೇ ಬಿಚ್ಚುತ್ತಿದ್ದ. ನೋಡಿ ಕಲಿಯಿರಿ ಎಂದವನು ನೋಡಬೇಕಾದ ಕಾಲದಲ್ಲಿ ಅದನ್ನು ಮುಚ್ಚಿಡುತ್ತಿದ್ದ. ಎಲ್ಲರೂ ಹುಡುಕುತ್ತಿರುವುದು ತನ್ನೊಬ್ಬನ ಹತ್ತಿರ ಇದೆ ಎಂಬುದಕ್ಕೆ ಒಂದು ರುಚಿಯಿದೆ. ಅದು ಅವನ ನಾಲಿಗೆಗೆ ಹತ್ತಿತ್ತು.

ಶಿಷ್ಯರಲ್ಲಿ ಒಬ್ಬ ಎಲ್ಲರಿಗಿಂತ ಮೇಲಿದ್ದ. ಅವನು ಕಲೆಸಿದ ಗಾರೆ ಬೆಣ್ಣೆಯ ಹಾಗೆ ಬರುತ್ತಿತ್ತು. ಅವನ ಕಣ್ಣು ಗೋಡೆಯ ವಾಲು ಹಿಡಿದರೆ ಗುಂಡು ಕಟ್ಟಿದ ದಾರ ಬೇಕಾಗುತ್ತಿರಲಿಲ್ಲ. ಗುರುವಿನ ಮಾತೆಂದರೆ ಅವನಿಗೆ ದೇವರ ಮುಂದಿನ ದೀಪ. ವಯಸ್ಸಾದಾಗ ವಾಸ್ತುಶಿಲ್ಪಿ ಶಾಲೆಯನ್ನು ಅವನ ಕೈಗೆ ಕೊಟ್ಟ. ಕೊಟ್ಟ ದಿನ ಇಬ್ಬರೂ ಬಿರುಕಿನ ಮುಂದೆ ನಿಂತಿದ್ದರು. ಹೇಳಿಬಿಡಬೇಕು ಎಂದು ಗುರುವಿಗೆ ಅನ್ನಿಸಿತು. ಶಿಷ್ಯ ಒಂದು ಸಲ ಕೇಳಲಿ, ಹೇಳೋಣ ಎಂದುಕೊಂಡ. ಗುರು ತಾನಾಗಿ ಹೇಳಲಿ ಎಂದು ಶಿಷ್ಯ ಸುಮ್ಮನಿದ್ದ. ಬೀಗದ ಕೈ ಕೊಟ್ಟಾಯಿತು. ಮಾತು ಕೊಡಲಿಲ್ಲ.

ಆ ಚಳಿಗಾಲ ಮುಗಿಯುವ ಹೊತ್ತಿಗೆ, ಬರುವ ಬಸವ ಜಯಂತಿಯ ದಿನ ವಾಸ್ತುಶಿಲ್ಪಿಗೆ ಸನ್ಮಾನ ಮಾಡಬೇಕೆಂದು ಊರವರು ಗೊತ್ತುಮಾಡಿದರು. ಕಣಜದಲ್ಲೇ ಸಭೆ. ಹೊರಗಿನಿಂದ ದೊಡ್ಡವರೆಲ್ಲ ಬರುವವರಿದ್ದರು. ಊರ ಹಿರಿಯನೊಬ್ಬ ಶಿಷ್ಯನ ಹತ್ತಿರ ಬಂದು, ನಿನ್ನ ಗುರು ಮುದುಕನಾದ, ಆ ಒಂದು ಬಿರುಕು ಅವನ ಕೈಯಲ್ಲಿ ಆಗಲಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ ಎಂದ. ಶಿಷ್ಯನಿಗೆ ಅನ್ನ ಇಳಿಯಲಿಲ್ಲ. ಕೂತು ಯೋಚಿಸಿದ. ಇದನ್ನು ಯಾಕೆ ಬಿಟ್ಟಿದ್ದೇನೆ ಎಂದು ಗುರು ಪ್ರತಿ ವರ್ಷ ಕೇಳುತ್ತಿದ್ದನಲ್ಲ. ಬಾಯಲ್ಲಿ ಉತ್ತರ ಹೇಳಿದವರೆಲ್ಲ ಸೋತರು. ಹಾಗಾದರೆ ಅದು ಬಾಯಲ್ಲಿ ಹೇಳುವ ಉತ್ತರವಲ್ಲ. ತಕ್ಕ ಶಿಷ್ಯ ಬಂದು ಕೈಯಿಂದ ಮುಗಿಸಲಿ ಎಂದು ಬಿಟ್ಟದ್ದು. ಹೀಗೆ ಹೊಳೆದದ್ದೇ ಅವನ ಕಣ್ಣು ತುಂಬಿ ಬಂತು.

ಅವನು ಅವಸರ ಮಾಡಲಿಲ್ಲ. ಕಲಿತದ್ದನ್ನೆಲ್ಲ ಕಲಿತ ಹಾಗೆಯೇ ಮಾಡಿದ. ಶಿವರಾತ್ರಿ ಕಳೆದ ಮೇಲೆ ಗಾಜು ಕೂರಿಸಿದ. ಎರೆ ಅಷ್ಟರಲ್ಲಿ ಕುಗ್ಗುವುದನ್ನು ಮುಗಿಸಿತ್ತು. ಯುಗಾದಿ ಬಂತು, ಗಾಜಿಗೆ ಒಂದು ಗೆರೆಯೂ ಬೀಳಲಿಲ್ಲ. ಗೋಡೆ ನೆಲೆ ನಿಂತಿದೆ ಎಂದುಕೊಂಡ. ಕೊಳೆಹಾಕಿದ ಸುಣ್ಣ ತೆಗೆದ, ಹೊಳೆಯ ಮರಳು ತೊಳೆದ, ಬೆಲ್ಲದ ನೀರು ಬೆರೆಸಿದ, ಗಾಣದಲ್ಲಿ ಅರೆದ. ಕಲ್ಲಿನ ಚಕ್ಕೆ ಕೂರಿಸಿ ಕೂರಿಸಿ ಬಿರುಕಿನ ಆಳದವರೆಗೆ ತುಂಬಿದ. ಅಂಥ ಗಾರೆಯನ್ನು ಆ ಊರು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಸನ್ಮಾನದ ದಿನ ವಾಸ್ತುಶಿಲ್ಪಿ ಬಂದ. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವನು ನಿಂತ. ಪಡುವಣ ಗೋಡೆಯಲ್ಲಿ ಬಿರುಕಿರಲಿಲ್ಲ. ಶಿಷ್ಯ ಗೋಡೆಯ ಪಕ್ಕದಲ್ಲಿ ಕೈಕಟ್ಟಿ ನಿಂತು ಅವನನ್ನೇ ನೋಡುತ್ತಿದ್ದ. ಮುಖದಲ್ಲಿ ಪರೀಕ್ಷೆ ಬರೆದು ಬಂದವನ ಹೆದರಿಕೆ, ಆಸೆ. ಆಗಲೇ ಹಿರಿಯರು ಸುತ್ತುವರಿದು ಕೈ ಹಿಡಿದರು, ಶಾಲು ಹೊದಿಸಿದರು. ಇಷ್ಟು ಜನರ ಮುಂದೆ ಏನು ಹೇಳುವುದು? ಗುರು ಶಿಷ್ಯನ ಕಡೆ ನೋಡಿ ಅದೇ ನಗೆ ನಕ್ಕ.

ಶಿಷ್ಯ ಓಡಿ ಬಂದು ಕಾಲಿಗೆ ಬಿದ್ದ.

ನಾಳೆ ಕರೆದು ಹೇಳೋಣ ಎಂದುಕೊಂಡು ಗುರು ಮನೆಗೆ ಹೋದ. ನಾಳೆ ಬಂತು. ಶಿಷ್ಯನ ಸಂತೋಷ ಊರೆಲ್ಲ ಹಬ್ಬಿತ್ತು, ಅದನ್ನು ಹೇಗೆ ಕಿತ್ತುಕೊಳ್ಳುವುದು ಎನ್ನಿಸಿತು. ಮಾರನೆಯ ದಿನ ಇನ್ನೊಂದು ಯೋಚನೆ ಬಂತು. ನೀವು ಮೊದಲೇ ಯಾಕೆ ಹೇಳಲಿಲ್ಲ ಎಂದು ಶಿಷ್ಯ ಕೇಳಿದರೆ? ಮಳೆ ಇನ್ನೂ ದೂರವಿದೆ, ಅಷ್ಟರೊಳಗೆ ಹೇಗಾದರೂ ಹೇಳಿ ತೆಗೆಸಿದರಾಯಿತು ಎಂದು ದಿನ ದೂಡಿದ.

ಮುಂಗಾರು ಯಾರನ್ನೂ ಕೇಳಿ ಬರುವುದಿಲ್ಲ. ಆ ವರ್ಷ ಬೇಗ ಬಂತು, ಬಿಡದೆ ಹೊಡೆಯಿತು. ಎರೆ ನೀರು ಕುಡಿದು ಉಬ್ಬಿತು. ಶಿಷ್ಯ ಕಣಜದಲ್ಲಿ ಪಾಠ ಹೇಳುತ್ತಿದ್ದಾಗ ಕಮಾನಿನ ಸಂದಿನಿಂದ ಸುಣ್ಣದ ಪುಡಿ ಉದುರಿತು. ಅವನು ಮಾತು ನಿಲ್ಲಿಸಿ ಮೇಲೆ ನೋಡಿದ. ಎಲ್ಲರನ್ನೂ ಹೊರಗೆ ಕಳಿಸಿದ. ತಾನು ಹೊಸ್ತಿಲು ದಾಟುವಷ್ಟರಲ್ಲಿ ಕಮಾನು ಇಳಿಯಿತು, ಜೊತೆಗೆ ಪಡುವಣ ಗೋಡೆಯನ್ನೂ ಎಳೆದುಕೊಂಡು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಜನ ಹೆದರಿ ಬಿದ್ದ ಕಲ್ಲುಮಣ್ಣನ್ನು ಅಂದೇ ಸಾಗಿಸಿಬಿಟ್ಟರು. ಏನು ಮೊದಲು ಹೋಯಿತು, ಯಾಕೆ ಹೋಯಿತು ಎಂದು ನೋಡಲು ಏನೂ ಉಳಿಯಲಿಲ್ಲ.

ಊರ ಹಿರಿಯರು ಸೇರಿದರು. ಗುರುವನ್ನು ಕುರ್ಚಿಯಲ್ಲಿ ಕೂರಿಸಿದರು, ಶಿಷ್ಯನನ್ನು ಎದುರಿಗೆ ನಿಲ್ಲಿಸಿದರು. ಗುರುವಿನ ಕೈಯಲ್ಲಿ ಇಷ್ಟು ವರ್ಷ ನಿಂತದ್ದು ಶಿಷ್ಯನ ಕೈಯಲ್ಲಿ ಒಂದು ಮಳೆಗೆ ಬಿತ್ತು ಎಂದು ಒಬ್ಬ ಹೇಳಿದ. ಎಲ್ಲರೂ ತಲೆಯಾಡಿಸಿದರು. ಒಂದೇ ಮಾತಿನಲ್ಲಿ ಒಬ್ಬನಿಗೆ ಹೊಗಳಿಕೆ, ಒಬ್ಬನಿಗೆ ಶಿಕ್ಷೆ. ನಿನ್ನದೇನಾದರೂ ಹೇಳುವುದಿದೆಯೇ ಎಂದು ಶಿಷ್ಯನನ್ನು ಕೇಳಿದರು. ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಎಂದ ಅವನು. ಗುರುವಿನ ಬಾಯಿ ತೆರೆಯಿತು. ಹೊಗಳಿಕೆ ಅದರೊಳಗೆ ತುಂಬಿಕೊಂಡಿತ್ತು, ಮಾತು ಹೊರಬರಲಿಲ್ಲ.

ಶಿಷ್ಯ ತಾನು ಗಾರೆ ಮೆತ್ತುವ ಕರಣೆಯನ್ನು ಗುರುವಿನ ಪಾದದ ಹತ್ತಿರ ಇಟ್ಟು ಊರು ಬಿಟ್ಟು ಹೋದ.

ಆಮೇಲೆ ವಾಸ್ತುಶಿಲ್ಪಿಯ ಹೆಸರು ಇನ್ನೂ ದೊಡ್ಡದಾಯಿತು. ಆ ಕಾಲದವರ ಕೈ ಈಗ ಎಲ್ಲಿ ಬರಬೇಕು ಎಂದು ಜನ ಬಿದ್ದ ಕಣಜವನ್ನು ತೋರಿಸಿ ಹೇಳತೊಡಗಿದರು. ಅವನು ಆ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟ. ಊಟಕ್ಕೆ ಕೂತರೆ ಕರಣೆ ಕಾಣುತ್ತಿತ್ತು. ಹೆಂಡತಿ ಒಂದು ದಿನ, ನೀವು ಮಾತಾಡಬೇಕಾದವರು ನನ್ನ ಹತ್ತಿರವಲ್ಲ ಎಂದಳು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಕೇಳಿ ಕೇಳಿ ಹುಡುಕಿದ. ಶಿಷ್ಯ ದೂರದ ಒಂದು ಪಟ್ಟಣದ ಹೊಸ ಬಡಾವಣೆಯಲ್ಲಿ ಸಿಮೆಂಟಿನ ಕಾಂಪೌಂಡ್ ಗೋಡೆ ಕಟ್ಟಿಸುತ್ತಿದ್ದ. ಸುಣ್ಣ ಮುಟ್ಟಿ ವರ್ಷಗಳಾಗಿದ್ದವು. ಗುರುವನ್ನು ಕಂಡು ಓಡಿ ಬಂದು ನಮಸ್ಕಾರ ಮಾಡಿದ, ತನ್ನ ಕೋಣೆಗೆ ಕರೆದೊಯ್ದು ಕುಡಿಯಲು ನೀರು ಕೊಟ್ಟ. ಅಲ್ಲಿ ಅವರಿಬ್ಬರೇ ಇದ್ದರು.

“ಗುರುಗಳೇ, ಅಂದಿನಿಂದ ಒಂದನ್ನೇ ಯೋಚಿಸುತ್ತಿದ್ದೇನೆ. ಬೆಲ್ಲದ ನೀರು ಹೆಚ್ಚಾಯಿತೇ, ಮರಳು ಸರಿಯಾಗಿ ತೊಳೆಯಲಿಲ್ಲವೇ? ನನ್ನ ಕೈ ಎಲ್ಲಿ ತಪ್ಪಿತು, ಅಷ್ಟು ಹೇಳಿ. ತಿಳಿದರೆ ಸಾಕು,” ಎಂದ ಶಿಷ್ಯ.

ಗುರು ನೀರಿನ ಲೋಟವನ್ನು ಕೆಳಗಿಟ್ಟ.

“ನಿನ್ನ ಗಾರೆ ನನ್ನದಕ್ಕಿಂತ ಗಟ್ಟಿಯಾಗಿತ್ತಪ್ಪ. ಅದು ಜಾಗ ಬಿಡಲಿಲ್ಲ, ಅದಕ್ಕೇ ಕಮಾನು ಬಿತ್ತು. ಎರೆನೆಲದಲ್ಲಿ ಗಾಜಿನ ಮೇಲೆ ಒಂದು ಮಳೆಗಾಲವೂ ಹೋಗಬೇಕು. ಅದು ನನಗೆ ಗೊತ್ತಿತ್ತು. ನಿನ್ನ ಕೈ ತಪ್ಪಲಿಲ್ಲ, ನನ್ನ ಬಾಯಿ ತಪ್ಪಿತು,” ಎಂದ.

ಶಿಷ್ಯ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಸನ್ಮಾನದ ದಿನ ನೀವು ನಕ್ಕಿರಿ,” ಎಂದ.

“ನಕ್ಕೆ,” ಎಂದ ಗುರು.

ಶಿಷ್ಯ ಎದ್ದು ಹೊರಗೆ ಹೋದ. ನಲ್ಲಿಯ ಕೆಳಗೆ ಕೈಯ ಸಿಮೆಂಟನ್ನು ಉಜ್ಜಿ ಉಜ್ಜಿ ತೊಳೆದುಕೊಂಡ. ಒಳಗೆ ಬಂದು ಅನ್ನಕ್ಕಿಟ್ಟ. ಊರಿಗೆ ಹೋಗಿ ಹಿರಿಯರನ್ನು ಸೇರಿಸಿ ಎಲ್ಲವನ್ನೂ ಹೇಳುತ್ತೇನೆ ಎಂದು ಗುರು ಅಂದಾಗ ಅವನು ಹೂಂ ಎನ್ನಲಿಲ್ಲ, ಬೇಡವೆನ್ನಲಿಲ್ಲ. ಗುರುವಿಗೆ ಬಡಿಸಿದ, ತಾನೂ ಉಂಡ. ಆದರೆ ಗುರುವಿಗೆ ಊರಿಗೆ ಹೋಗಲಾಗಲಿಲ್ಲ. ಅಲ್ಲೇ ಜ್ವರ ಹಿಡಿದು ಮಲಗಿದ. ಶಿಷ್ಯ ಮಗನಂತೆ ನೋಡಿಕೊಂಡ. ಆ ಕೋಣೆಯಲ್ಲೇ ಗುರು ತೀರಿಕೊಂಡ.

ಊರವರು ಬಂದು ಮೆರವಣಿಗೆಯಲ್ಲಿ ಒಯ್ದರು. ಮಣ್ಣು ಮಾಡಿದ ಮೇಲೆ ಒಬ್ಬ ಹಿರಿಯ ನಿಂತು, ಗುರುವಿನ ಕೈಯಲ್ಲಿ ನಿಂತದ್ದು ಶಿಷ್ಯನ ಕೈಯಲ್ಲಿ ಬಿತ್ತು ಎಂದು ಹಳೆಯ ಮಾತನ್ನೇ ಹೇಳಿದ. ಶಿಷ್ಯ ಜನರ ಹಿಂದೆ ನಿಂತು ಅದನ್ನು ಕೇಳಿದ. ಈಗ ಅವನಿಗೆ ನಿಜ ಗೊತ್ತಿತ್ತು. ಒಂದು ಮಾತಿಗೆ ಅವನ ಹೆಸರು ತಿರುಗಿ ಬರುತ್ತಿತ್ತು, ಗುರುವಿನ ಹೆಸರು ಹೋಗುತ್ತಿತ್ತು. ಅವನು ತುಟಿ ಬಿಚ್ಚಲಿಲ್ಲ.

ಆದರೆ ಮರಳಿ ಸುಣ್ಣ ಹಿಡಿದ. ತನ್ನನ್ನು ಯಾರೂ ಅರಿಯದ ಇನ್ನೊಂದು ಸೀಮೆಗೆ ಹೋಗಿ ಹಳೆಯ ಕಟ್ಟಡಗಳನ್ನು ಉಳಿಸಿದ, ಕಲಿಸಿದ. ಹೊಸದಾಗಿ ಬಂದವರಿಗೆ ಮೊದಲ ದಿನವೇ, ಕೇಳುವ ಮೊದಲೇ, ಎರೆಯ ಸಂಗತಿ ಹೇಳುತ್ತಿದ್ದ. ಗಾಜಿನ ಮೇಲೆ ಬೇಸಿಗೆ ಹೋಗಲಿ, ಮಳೆಯೂ ಹೋಗಲಿ ಎನ್ನುತ್ತಿದ್ದ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ ನನ್ನ ಗುರು ಹೇಳಿಕೊಟ್ಟ ಎನ್ನುತ್ತಿದ್ದ. ಯಾವ ಗೋಡೆ ಎಂದು ಹೇಳಲಿಲ್ಲ. ಬಿದ್ದ ಕಣಜದ ಸುದ್ದಿಯನ್ನಾಗಲಿ, ಆ ಕೋಣೆಯ ಮಾತನ್ನಾಗಲಿ ಸಾಯುವವರೆಗೆ ಯಾರ ಮುಂದೆಯೂ ಎತ್ತಲಿಲ್ಲ.

ಅಜ್ಜ ಕತೆ ನಿಲ್ಲಿಸಿದ. ದಸ್ತಗೀರನ ಜರಡಿ ಯಾವಾಗಲೋ ನಿಂತಿತ್ತು. ಇಂದುಮತಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಳು.

“ಅಜ್ಜ, ಕೋಣೆಯಲ್ಲಿ ಇದ್ದವರು ಇಬ್ಬರೇ. ಗುರು ಅಲ್ಲೇ ತೀರಿಕೊಂಡ. ಶಿಷ್ಯ ಸಾಯುವವರೆಗೆ ಯಾರಿಗೂ ಹೇಳಲಿಲ್ಲ ಎಂದು ನೀವೇ ಹೇಳಿದಿರಿ. ಮತ್ತೆ ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದಳು.

ಮಾನಪ್ಪಜ್ಜ ಭುಜ ಕುಣಿಸಿದ. ಸೊಂಟದ ಚೀಲದಿಂದ ಒಂದು ಎಲೆ ತೆಗೆದು ಪಂಚೆಗೆ ಒರೆಸಿಕೊಂಡ.

“ಅವರಿಬ್ಬರೂ ಹೇಳಲಿಲ್ಲ ತಂಗಿ, ಅದಕ್ಕೇ ನಾನು ಹೇಳಬೇಕಾಯಿತು,” ಎಂದ.